ಹಾಲು ಮಾರದ ಹಿಂಡು: ಅಮೃತ ಮಹಲ್ ಕಾವಲುಗಳ ಚರಿತ್ರೆ

ನಮ್ಮ ಸಂಘದ ರಜತ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಲೀಟರು, ಫ್ಯಾಟು, ಬಟವಾಡೆ, ಬೋನಸ್ಸುಗಳ ಲೆಕ್ಕ ಬೇರೆ ಪುಟಗಳಲ್ಲಿ ಇದ್ದೇ ಇದೆ. ನಾವು ಬರೆಯಹೊರಟಿರುವುದು ಡೇರಿಯ ಮುಖವನ್ನೇ ನೋಡದ ಒಂದು ಹಿಂಡಿನ ವಿಚಾರ. ಹಾಲು ಉತ್ಪಾದಕರ ಸಂಘದ ಸಂಚಿಕೆಯಲ್ಲಿ ಹಾಲು ಮಾರದ ಹಸುವಿನ ಕಥೆ ಯಾಕೆ ಅಂತ ಕೆಲವರು ಕೇಳಬಹುದು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯವರಾದ ನಮಗೆ ಈ ಪ್ರಶ್ನೆಗೆ ಉತ್ತರ ಪಹಣಿಯಲ್ಲೇ ಸಿಗುತ್ತದೆ. ಎಷ್ಟೋ ಊರುಗಳ ಪಹಣಿಯಲ್ಲಿ ಇವತ್ತಿಗೂ ‘ಅಮೃತ ಮಹಲ್ ಕಾವಲು’ ಎಂಬ ಮಾತು ಇದೆ. ಆ ಮಾತು ಅಲ್ಲಿಗೆ ಹೇಗೆ ಬಂತು, ಆ ನೆಲ ಯಾವ ಕೆಲಸಕ್ಕೆ ಇತ್ತು ಎಂಬುದು ನಮ್ಮ ಮಕ್ಕಳಿಗಿರಲಿ, ನಮ್ಮಲ್ಲೇ ಅನೇಕರಿಗೆ ಮರೆತುಹೋಗಿದೆ.

ಮೊದಲು ಹೆಸರಿನ ಹಿಂದೆ ಹೋಗೋಣ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯ ಬಳಿ ಒಂದು ‘ಕರುಹಟ್ಟಿ’ ಇತ್ತು, ಅದರ ಹಸುಗಳನ್ನು 1572ರಿಂದ 1600ರ ನಡುವೆ ವಿಜಯನಗರದಿಂದ ತರಿಸಲಾಗಿತ್ತು ಎಂದು ಮೈಸೂರು ಗೆಜೆಟಿಯರು ಹೇಳುತ್ತದೆ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿದಾಗ ಹಟ್ಟಿಯೂ ಮೈಸೂರಿನದಾಯಿತು. ಮುಂದಿನ ದೊರೆಗಳು ತಮ್ಮ ತಮ್ಮ ಕಾಲದಲ್ಲಿ ಹಸುಗಳನ್ನು ಸೇರಿಸುತ್ತ, ಅವುಗಳ ಮೇವಿಗೆಂದು ಊರೂರಲ್ಲಿ ಕಾವಲುಗಳನ್ನು ಬಿಡಿಸುತ್ತ ಬಂದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672-1704) ಇದು ‘ಬೆಣ್ಣೆ ಚಾವಡಿ’ ಎಂಬ ಪ್ರತ್ಯೇಕ ಇಲಾಖೆಯೇ ಆಯಿತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು, ತಳಿಯನ್ನು ಬೆಳೆಸುವುದು ಎರಡೂ ಅದರ ಹೊಣೆ. ಆಮೇಲೆ ಟಿಪ್ಪು ಸುಲ್ತಾನ್ ಇದನ್ನು ‘ಅಮೃತ ಮಹಲ್’ ಎಂದು ಕರೆದ. ಹೆಸರೇನೋ ಹಾಲಿನದೇ. ಆದರೆ ಅಷ್ಟರಲ್ಲಿ ಇಲಾಖೆಯ ಕಣ್ಣು ಹಾಲಿನ ಮೇಲಿಂದ ಎತ್ತಿನ ಹೆಗಲ ಮೇಲೆ ಬಿದ್ದಿತ್ತು.

ಅದಕ್ಕೆ ಕಾರಣ ಹೈದರಾಲಿ. ಪಾಳೆಯಗಾರರನ್ನು ಗೆದ್ದಲ್ಲೆಲ್ಲ ಅವರ ಒಳ್ಳೆಯ ರಾಸುಗಳನ್ನು ಆತ ಈ ಹಿಂಡಿಗೆ ಸೇರಿಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಈ ಮೂರು ಬಗೆಯ ದನಗಳೇ ಅಮೃತ ಮಹಲ್ ತಳಿಗೆ ಮೂಲ. ಫಿರಂಗಿ ಎಳೆಯಲು, ಮದ್ದುಗುಂಡು ಸಾಗಿಸಲು ಹೈದರನ ಬಳಿ ಅರವತ್ತು ಸಾವಿರ ಎತ್ತುಗಳಿದ್ದವೆಂಬ ಪ್ರತೀತಿಯನ್ನು ಗೆಜೆಟಿಯರು ದಾಖಲಿಸಿದೆ. ಚಿದಂಬರದ ನೆರವಿಗೆ ಆತ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು, ಸೋತ ಕಾಳಗದಲ್ಲೂ ಶತ್ರುವಿನ ಎದುರಿಗೇ ಫಿರಂಗಿಗಳನ್ನು ಎಳೆದುಕೊಂಡು ಹೋದದ್ದು, ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದೇ ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡ ಹಾಯ್ದದ್ದು ಎಲ್ಲವೂ ಈ ಎತ್ತುಗಳ ಬಲದಿಂದ. ಟಿಪ್ಪುವನ್ನು ಸೋಲಿಸಿದ ಸೇನೆಯಲ್ಲಿದ್ದ ವೆಲ್ಲೆಸ್ಲಿ ಮುಂದೆ ಸ್ಪೇನ್ ಕಡೆಯ ಯುದ್ಧದಲ್ಲಿ ಇಂಥ ಎತ್ತು ತನ್ನ ಬಳಿ ಇಲ್ಲವಲ್ಲ ಎಂದು ಹಳಹಳಿಸಿದನಂತೆ. ಯುದ್ಧದ ಕಥೆ ಹೇಳುವವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ದನ ಕಟ್ಟಿದ ನಮಗೆ ಬೇಕಾದ್ದು ಇದರ ಹಿಂದಿನ ವಿಚಾರ. ಇಂಥ ಎತ್ತು ಆಗುವ ಕರುವನ್ನು ಬೆಳೆಸುತ್ತಿದ್ದುದು ಹೇಗೆ?

ಕರುವನ್ನು ತಾಯಿಯ ಜೊತೆಗೇ ಬಿಟ್ಟು. ಗುಟ್ಟು ಅಂತ ಇದ್ದರೆ ಅದೇ. ಕಾವಲಿನ ಹಸುವಿಗೆ ಕೊಟ್ಟಿಗೆ ಇಲ್ಲ, ಕಣ್ಣಿ ಇಲ್ಲ, ಗೂಟ ಇಲ್ಲ. ಹಗಲೂ ರಾತ್ರಿಯೂ ಬಯಲಲ್ಲೇ. ಹಾಲು ಕಡಿಮೆ, ಅದೂ ಕರುವಿನ ಪಾಲು. ಎದೆ ತುಂಬಿದ, ಕಾಲು ಗಟ್ಟಿಯಾದ ಹೋರಿ ಬೇಕೆಂದರೆ ಕರು ಕುಡಿಯುವ ಹಾಲಿನಲ್ಲಿ ಕೈಯಿಕ್ಕಬಾರದು ಎಂಬುದು ಅವರ ಲೆಕ್ಕ. ನಮ್ಮ ನಾಟಿ ಹಸು ಕರು ಬಾಯಿ ಹಾಕದೆ ಸೊರ ಬಿಡುವುದಿಲ್ಲ ಎಂಬುದು ಹಾಲು ಕರೆದ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಬೆಣ್ಣೆ ಚಾವಡಿಯವರಿಗೂ ಅದೇ ಪಾಡು ಇದ್ದೀತು. ಇವತ್ತು ಸೀಮೆ ಹಸುವಿನ ಕರುವನ್ನು ಹುಟ್ಟಿದ ದಿನವೇ ಬೇರೆ ಕಟ್ಟಿ ಬಾಟಲಿ ಹಿಡಿಯುವ ನಮಗೆ ಈ ಪದ್ಧತಿ ದುಂದು ಅನ್ನಿಸಬಹುದು. ಅವರಿಗೆ ಹಾಲು ಫಸಲಾಗಿರಲಿಲ್ಲ, ಕರುವಿನ ಮೈಯೇ ಫಸಲು.

ಲೋಕದ ಬೇರೆ ಕಡೆಯೂ ಇಂಥ ಸಾಕಣೆ ಉಂಟು. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ, ಐರ್ಲೆಂಡಿನಲ್ಲಿ ಹಸುವನ್ನು ಕರೆಯದೆ ಕರುವಿಗೇ ಬಿಡುವ ಹಿಂಡುಗಳಿವೆ. ಅಲ್ಲಿ ಗುರಿ ಮಾಂಸ, ಇಲ್ಲಿ ದುಡಿಮೆ, ಅಷ್ಟು ವ್ಯತ್ಯಾಸ. ಹಿಂಡು ನಡೆಸುವ ಕಷ್ಟ ಮಾತ್ರ ಒಂದೇ. ಅಲ್ಲಿನ ಬರಗಾಲ ಚಳಿಗಾಲದ್ದು. ಹುಲ್ಲು ಬೆಳೆಯುವುದು ನಿಂತುಹೋಗುತ್ತದೆ, ಕೂಡಿಟ್ಟ ಮೇವಿನಲ್ಲಿ ತಿಂಗಳುಗಟ್ಟಲೆ ದೂಡಬೇಕು. ಫೆಬ್ರವರಿಯಿಂದ ಏಪ್ರಿಲ್ ತನಕ ಹಸುಗಳು ಈಯುವಂತೆ ಹೊಂದಿಸಿಕೊಳ್ಳುತ್ತಾರೆ, ಕರು ಹೆಚ್ಚು ಹಾಲು ಎಳೆಯುವ ಹೊತ್ತಿಗೆ ವಸಂತದ ಹೊಸ ಹುಲ್ಲು ಬಂದಿರಲಿ ಅಂತ. ಚಳಿಗಾಲದಲ್ಲಿ ಹಸು ಸ್ವಲ್ಪ ಇಳಿದರೆ ಚಿಂತೆಯಿಲ್ಲ, ಈಯುವಾಗ ಮಾತ್ರ ಎಲುಬು ಕಾಣಬಾರದು ಎಂಬುದು ಅಲ್ಲಿನ ರೈತರ ಕಟ್ಟುಪಾಡು. ನಮ್ಮ ಬರಗಾಲ ಬೇಸಿಗೆಯದು. ಫಾಲ್ಗುಣ ಕಳೆದು ಭರಣಿ ಮಳೆ ಬೀಳುವವರೆಗೆ ಬಯಲಲ್ಲಿ ಇರುವುದು ಒಣ ಕರಡ, ಅದೂ ಇದ್ದರೆ ಉಂಟು.

ಈ ಬೇಸಿಗೆಯನ್ನು ದಾಟಿಸುವುದಕ್ಕೇ ಕಾವಲುಗಳನ್ನು ಮೂರು ಬಗೆ ಮಾಡಿದ್ದರು: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು. ಮಳೆಗಾಲ, ಚಳಿಗಾಲದವು ವಿಸ್ತಾರವಾದ ಹುಲ್ಲುಗಾವಲುಗಳು. ಹಿಂಡು ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ತೆನೆಯೊಡೆದು ಬೀಜ ಉದುರಿಸಿಕೊಳ್ಳಲು ಬಿಡುವು ಸಿಗುತ್ತಿತ್ತು. ಬೇಸಿಗೆ ಕಾವಲುಗಳಲ್ಲಿ ಹೆಚ್ಚಿನವು ಕೆರೆಯಂಗಳಗಳು. ನೀರು ಇಳಿಯುತ್ತ ಹೋದ ಹಾಗೆ ಅಂಗಳದ ಹಸಿ ಮಣ್ಣಿನಲ್ಲಿ ಹುಲ್ಲು ಚಿಗುರುತ್ತದೆ. ಅಂಚಿನಲ್ಲಿ ಮರಗಳ ನೆರಳು, ನಡುವೆ ಉಳಿದ ಗುಂಡಿಯಲ್ಲಿ ಕುಡಿಯುವ ನೀರು. ನಮ್ಮ ಕೆರೆಯಂಗಳಗಳಲ್ಲಿ ಜಾಲಿ ಇದ್ದೇ ಇರುತ್ತದೆ, ಅದರ ಕಾಯಿಯೂ ದನಕ್ಕೆ ಒಳ್ಳೆಯ ಮೇವು. ಊರಿನವರಿಗೆ ಹೂಳು ತುಂಬಿದ ಖಾಲಿ ಜಾಗವಾಗಿ ಕಾಣುವ ಕೆರೆಯಂಗಳ ಆ ಹಿಂಡಿಗೆ ಮೂರು ತಿಂಗಳ ಪ್ರಾಣ. ವಿಸ್ತೀರ್ಣದಲ್ಲಿ ಬೇಸಿಗೆ ಕಾವಲು ಸಣ್ಣದಾದರೂ ಇಡೀ ವರ್ಷದ ಕೀಲು ಅದರಲ್ಲಿತ್ತು ಎಂದು ನಮ್ಮ ಅಭಿಪ್ರಾಯ.

ಯಾಕೆ ಅಂತ ತಿಂಗಳ ಲೆಕ್ಕ ಹಾಕಿ ನೋಡಿ. ಹಸು ಗಬ್ಬ ಹೊರುವುದು ಒಂಬತ್ತು ತಿಂಗಳು, ಮೇಲೆ ಚಿಲ್ಲರೆ ದಿನ. ಮಳೆಗಾಲದ ಹಸಿರು ಮೈಗೆ ಹತ್ತಿ ಆಷಾಢ ಶ್ರಾವಣದಲ್ಲಿ ಬೆದೆಗೆ ಬಂದ ಹಸು ಈಯುವುದು ಚೈತ್ರ ವೈಶಾಖದಲ್ಲಿ. ಹಸ್ತ ಚಿತ್ತೆ ಮಳೆಯಲ್ಲಿ ಗಟ್ಟಿದ್ದು ಮುಂದಿನ ಮುಂಗಾರಿಗೆ ಈಯುತ್ತದೆ. ಎಲ್ಲವೂ ಒಂದೇ ತಿಂಗಳಲ್ಲಿ ಈಯುವುದಿಲ್ಲ, ಸರಿ. ಆದರೆ ಯಾವ ಲೆಕ್ಕ ಹಿಡಿದರೂ ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಸ್ವಲ್ಪವಾದರೂ ಬೇಸಿಗೆಗೆ ಸಿಕ್ಕೇ ಸಿಗುತ್ತದೆ. ಹೊಟ್ಟೆಯಲ್ಲಿರುವ ಕರು ಹೆಚ್ಚು ಬೆಳೆಯುವುದೂ ಆ ಕೊನೆಯ ಮೂರು ತಿಂಗಳಲ್ಲೇ. ಆಗ ತಾಯಿಗೆ ಮೇವು ತಪ್ಪಿದರೆ ಕರು ಸಣ್ಣದಾಗುತ್ತದೆ, ಗಿಣ್ಣು ಹಾಲು ತೆಳ್ಳಗಾಗುತ್ತದೆ, ಹುಟ್ಟಿದ ಕರುವಿಗೆ ಎದ್ದು ನಿಲ್ಲುವ ಕಸುವೂ ಇರುವುದಿಲ್ಲ. ಇಷ್ಟಕ್ಕೇ ಮುಗಿಯಲಿಲ್ಲ. ಬಡಕಲಾಗಿ ಈದ ಹಸು, ಜೊತೆಗೆ ಕರು ಎಳೆಯುತ್ತಿರುವಾಗ, ಮುಂದಿನ ಮಳೆಗಾಲದಲ್ಲಿ ಬೆದೆಗೇ ಬರುವುದಿಲ್ಲ. ಒಂದು ಬೇಸಿಗೆಯಲ್ಲಿ ಮಾಡಿದ ಉಳಿತಾಯಕ್ಕೆ ಎರಡು ವರ್ಷ ದಂಡ ಕಟ್ಟಬೇಕು. ಕಾವಲಿನ ಹಸು ಮೊದಲ ಕರು ಹಾಕುವ ಹೊತ್ತಿಗೆ ಮೂರೂವರೆ ನಾಲ್ಕು ವರ್ಷವಾಗಿರುತ್ತದೆ. ಆಮೇಲೂ ಕರುವಿನಿಂದ ಕರುವಿಗೆ ಒಂದೂವರೆ ವರ್ಷ ಮೀರುತ್ತದೆ. ಇಷ್ಟು ನಿಧಾನವಾಗಿ ಬೆಳೆಯುವ ಹಿಂಡಿಗೆ ಒಂದು ವರ್ಷ ತಪ್ಪುವುದು ಸಣ್ಣ ಮಾತಲ್ಲ.

ಈಯುವ ಹಸು ಹಿಂಡಿನಿಂದ ಸರಿದು ಪೊದೆಯ ಮರೆ ಹುಡುಕುತ್ತದೆ. ಕರುವನ್ನು ನೆಕ್ಕಿ ಒಣಗಿಸಿ, ಕುಡಿಸಿ, ಮೊದಲ ದಿನಗಳಲ್ಲಿ ಹುಲ್ಲಿನ ಮರೆಯಲ್ಲಿ ಮಲಗಿಸಿ ತಾನು ಮೇಯಲು ಹೋಗುತ್ತದೆ. ತೋಳ, ಕಿರುಬ, ಚಿರತೆಗಳಿದ್ದ ಕಾಲದಲ್ಲಿ ಕಾವಲುಗಾರನ ಕೆಲಸ ಆಗ ಶುರು. ಯಾವ ಹಸು ಎಲ್ಲಿ ಈದಿದೆ, ಮಾಸು ಬಿತ್ತೋ ಇಲ್ಲವೋ, ಕರು ಹೊಕ್ಕುಳಿಗೆ ಹುಳ ಬಿದ್ದಿದೆಯೋ, ಎಲ್ಲವನ್ನೂ ದೂರದಿಂದಲೇ ನೋಡಿ ತಿಳಿಯಬೇಕು. ಹತ್ತಿರ ಹೋಗುವಂತಿಲ್ಲ. ಕಾವಲಿನ ಹಸು ಅರೆಕಾಡಿನದು. ಅಪರಿಚಿತ ಮನುಷ್ಯನನ್ನು ಕಂಡರೆ ಹಿಂಡಿಗೆ ಹಿಂಡೇ ತಲೆ ಎತ್ತಿ ನಿಲ್ಲುತ್ತದೆ. ಕೊಂಬೂ ಅಂಥವೇ, ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು. ಕಾವಲುಗಾರನ ದನಿಯನ್ನು ಮಾತ್ರ ಅವು ಗುರುತಿಸುತ್ತವೆ. ಹಿಂಡಿಗೊಬ್ಬ ಸರ್ವೆಗಾರ, ಅವನ ಕೈಕೆಳಗೆ ಕಾವಲುಗಾರರು, ಮೇಲೆ ದರೋಗ. ತಲೆಮಾರುಗಳಿಂದ ಇದೇ ಕೆಲಸ ಮಾಡಿದ ಮನೆತನಗಳು ನಮ್ಮ ಸೀಮೆಯಲ್ಲಿವೆ. ಪುಸ್ತಕದಲ್ಲಿ ದೊರೆಗಳ ಹೆಸರಿದೆ, ಕ್ಯಾಪ್ಟನ್‌ಗಳ ಹೆಸರಿದೆ, ಇವರ ಹೆಸರಿಲ್ಲ. ಚಿತ್ರದುರ್ಗದ ಕಡೆ ‘ದೇವರ ಎತ್ತು’ಗಳನ್ನು ಕಾಯುವ ಕಿಲಾರಿಗಳೂ ಇಂಥ ವಿದ್ಯೆಯವರೇ.

ಟಿಪ್ಪು ಈ ಇಲಾಖೆಗೆ ಹುಕುಂನಾಮೆ ಬರೆಸಿ ಕಳಿಸಿದ್ದ. ರಾಸುಗಳನ್ನು ಹೇಗೆ ವಿಂಗಡಿಸಬೇಕು, ಹೇಗೆ ಪಳಗಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ವರ್ಷಕ್ಕೊಮ್ಮೆ ಹಿಂಡುಗಳ ಹಾಜರಿ ನಡೆದಾಗ ತಾನೇ ನಿಂತು ಇನಾಮು ಕೊಡುತ್ತಿದ್ದನಂತೆ. ಅವನ ಕಾಲ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಕೆಳಗಿನ ನೌಕರರು ಅದೇ ಹುಕುಂನಾಮೆಯಂತೆ ನಡೆಯುತ್ತಿದ್ದರು. ಹೋರಿಗರುಗಳಲ್ಲಿ ಬಿತ್ತನೆಗೆ ತಕ್ಕವನ್ನು ಉಳಿಸಿಕೊಂಡು ಉಳಿದವಕ್ಕೆ ಮೂರರಿಂದ ಐದು ವರ್ಷದೊಳಗೆ ಬೀಜ ಒಡೆಸುತ್ತಿದ್ದರು. ಆಮೇಲೆ ದೊಡ್ಡಿಗೆ ಅಟ್ಟಿ, ಹಗ್ಗ ಹಾಕಿ, ಪಳಗಿದ ಎತ್ತಿನ ಜೊತೆ ಜೋಡಿ ಕಟ್ಟಿ ನೊಗ ಕಲಿಸುವುದು. ಏಳನೆಯ ವರ್ಷಕ್ಕೆ ಎತ್ತು ಪೂರ್ತಿ ಕಸುವಿಗೆ ಬರುತ್ತದೆ, ಹನ್ನೆರಡಕ್ಕೆ ಇಳಿಮುಖ, ಹದಿನಾಲ್ಕು ಹದಿನೈದರವರೆಗೂ ದುಡಿಯುತ್ತದೆ ಎಂದು ಹಳೆಯ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಅಂದರೆ ಇವತ್ತು ಹುಟ್ಟಿದ ಕರುವಿನ ಪೂರ್ತಿ ಫಲ ಏಳು ವರ್ಷದ ಮೇಲೆ. ಅಷ್ಟು ವರ್ಷ ಮೂರೂ ಕಾಲದ ಹುಲ್ಲು ತಪ್ಪದೆ ಸಿಗಬೇಕು.

ಇಂಥ ನಿಧಾನದ ವ್ಯವಹಾರ ಅವಸರದ ಖರ್ಚುವೆಚ್ಚದ ಪುಸ್ತಕಕ್ಕೆ ಒಗ್ಗುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹಿಂಡು ಇಂಗ್ಲಿಷರ ಪಾಲಾಯಿತು. ಅವರು ಮೇಲ್ವಿಚಾರಣೆಯನ್ನು ಮೈಸೂರಿನವರಿಗೆ ಬಿಟ್ಟು ಎತ್ತು ಮಾತ್ರ ಕೇಳುತ್ತಿದ್ದರು. ಹಿಂಡು ಕ್ಷೀಣಿಸುತ್ತ ಬಂತು. 1813ರಲ್ಲಿ ಮದರಾಸು ಕಮಿಸರಿಯಟ್‌ನ ಕ್ಯಾಪ್ಟನ್ ಹಾರ್ವೆ ಎಂಬಾತ ವಹಿಸಿಕೊಂಡ ಮೇಲೆ ಮತ್ತೆ ಚೇತರಿಸಿತು. ಹುಣಸೂರು ಅದರ ಠಾಣ್ಯವಾಯಿತು. ಹೀಗೆ ನಾಲ್ಕು ದಶಕ ಕಳೆದ ಮೇಲೆ 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸುವ ಸಲುವಾಗಿ ಇಡೀ ಹಿಂಡನ್ನು ಮಾರಿಹಾಕಲು ಆಜ್ಞೆ ಮಾಡಿದ. ಎತ್ತು ಬೇಕಾದರೆ ಸಂತೆಯಲ್ಲಿ ಕೊಂಡರಾಯಿತು, ಹಸು ಕರು ಕಾವಲು ಅಂತ ಸಾಕುವುದೇಕೆ ಎಂಬ ವಾದ. ಕಾಗದದ ಮೇಲೆ ಈ ಲೆಕ್ಕ ಸರಿಯಾಗಿಯೇ ಕಂಡಿರಬೇಕು. ಕೆಲವೇ ವರ್ಷಗಳಲ್ಲಿ ಸಂತೆಯಲ್ಲಿ ಅಂಥ ಎತ್ತು ಸಿಗುವುದಿಲ್ಲ ಎಂದು ಗೊತ್ತಾಯಿತು. ಮಾರಿದವರೇ 1866ರಲ್ಲಿ ಮತ್ತೆ ಹಿಂಡು ಕಟ್ಟಲು ಹೊರಟರು. ಮಾರಾಟದಲ್ಲಿ ಮೈಸೂರಿನ ಮಹಾರಾಜರು ಹಲವು ರಾಸುಗಳನ್ನು ಕೊಂಡಿದ್ದರು, ಅವರ ನೆರವಿನಿಂದಲೇ ಹೊಸ ಹಿಂಡಿಗೆ ಬೀಜ ಸಿಕ್ಕಿತು. ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಆ ದನಗಳನ್ನು ಕೊಳ್ಳದೆ ಹೋಗಿದ್ದರೆ ಇವತ್ತು ಈ ಲೇಖನ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಇದಾದ ಹತ್ತು ವರ್ಷಕ್ಕೆ 1876-78ರ ಮಹಾ ಕ್ಷಾಮ, ಮೈಸೂರು ಸೀಮೆಯಲ್ಲಿ ಜನ ದನ ಲೆಕ್ಕವಿಲ್ಲದೆ ಸತ್ತ ಕಾಲ. ಅದನ್ನೂ ದಾಟಿದ ಹಿಂಡು, 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದ ಮೇಲೆ, ಮೈಸೂರು ಸರ್ಕಾರದ ಕೈಗೆ ಬಂತು.

1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಸ್ಥಾಪನೆಯಾದದ್ದು ನಮ್ಮ ಸೀಮೆಯವರಿಗೆ ಹೆಮ್ಮೆಯ ವಿಷಯ. ಫಿರಂಗಿ ಹೋಯಿತು, ಗಾಡಿ ಬಂತು, ನೇಗಿಲು ಇದ್ದೇ ಇತ್ತು. ಅಂತರಘಟ್ಟೆ ಜಾತ್ರೆಗೆ ಪಾನಕದ ಗಾಡಿ ಓಡಿಸಿಕೊಂಡು ಬರುವ ಜೋಡಿ ಎತ್ತುಗಳನ್ನು ಕಂಡವರಿಗೆ ಈ ತಳಿಯ ಓಟದ ಬಗ್ಗೆ ನಾವು ಹೇಳಬೇಕಾದ್ದಿಲ್ಲ.

ಇನ್ನು ನೆಲದ ವಿಚಾರ. ಒಂದು ಕಾಲಕ್ಕೆ ಹಳೆಯ ಮೈಸೂರಿನ ಜಿಲ್ಲೆಗಳಲ್ಲಿ ಅಮೃತ ಮಹಲ್ ಕಾವಲುಗಳು ನಾಲ್ಕು ಲಕ್ಷ ಎಕರೆಗೂ ಮೀರಿ ಇದ್ದವು. ಇವತ್ತು ಉಳಿದಿರುವುದು ಅದರ ಸಣ್ಣ ಪಾಲು. ಉಳಿದದ್ದು ಎಲ್ಲಿಗೆ ಹೋಯಿತು ಎಂದು ಕೇಳಿದರೆ ನಾವೂ ಸ್ವಲ್ಪ ತಲೆ ತಗ್ಗಿಸಿಯೇ ಉತ್ತರ ಹೇಳಬೇಕಾಗುತ್ತದೆ. ಭೂಮಿ ಇಲ್ಲದವರಿಗೆ ದರಖಾಸ್ತು ಮಂಜೂರಾಯಿತು, ನಿವೇಶನಗಳಾದವು, ಶಾಲೆ ಬಂತು, ಕೆಲವು ಕಡೆ ನೀಲಗಿರಿ ನೆಟ್ಟರು, ಕೆಲವು ಕಡೆ ಬಗರ್ ಹುಕುಂ ಸಾಗುವಳಿ. ಈ ಸೀಮೆಯ ಹಾಲಿನ ಸಂಘಗಳ ಸದಸ್ಯರಲ್ಲಿ ಕಾವಲಿನ ನೆಲದಲ್ಲಿ ಮೇವಿನ ಜೋಳ ಬೆಳೆದು ಹಸು ಕಟ್ಟಿದವರೂ ಇದ್ದಾರೆ. ಹಸಿದವನಿಗೆ ನೆಲ ಕೊಟ್ಟದ್ದು ತಪ್ಪು ಎಂದು ನಾವು ಹೇಳಲಾರೆವು. ಆದರೆ ಕೊಡುವಾಗ ಇದು ಯಾವ ಕಾಲದ ಕಾವಲು ಎಂದು ಯಾರೂ ಕೇಳಲಿಲ್ಲ ಎಂಬುದೇ ನಮ್ಮ ದೂರು. ಮಳೆಗಾಲದ ಕಾವಲಿನಲ್ಲಿ ಅರ್ಧ ಹೋದರೆ ಹಿಂಡು ಅರ್ಧಕ್ಕೆ ಇಳಿದೀತು. ಬೇಸಿಗೆ ಕಾವಲು ಹೋದರೆ ಉಳಿದ ಎರಡೂ ಇದ್ದು ಪ್ರಯೋಜನವಿಲ್ಲ, ಯಾಕಂದ್ರೆ ಮೂರು ತಿಂಗಳು ಉಪವಾಸ ಇದ್ದು ಕರು ಹಾಕುವ ಹಸು ಎಲ್ಲೂ ಇಲ್ಲ.

2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲೂಕಿನ ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲುಗಳ ಕಡೆ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆ ಮುಂತಾದವುಗಳಿಗೆ ಕೊಟ್ಟರು. ಕಾವಲಿಗೆ ಬೇಲಿ, ಗೋಡೆ ಎದ್ದವು. ಅಲ್ಲಿನ ಕುರಿಗಾರರು, ದನಗಾರರು ಹೋರಾಟ ಮಾಡಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ನಾವು ಬೇಡ ಅನ್ನುವವರಲ್ಲ. ಆದರೆ ‘ಪಾಳು ಬಿದ್ದ ಜಾಗ’ ಎಂಬ ಮಾತು ಕೇಳಿದಾಗ ಮಾತ್ರ ನಮಗೆ ತಡೆಯಲಾಗದು. ನಮ್ಮ ಪಕ್ಕದ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಲುವಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಜಿಂಕೆ ಉಳಿದದ್ದೂ ದನಕ್ಕೆಂದು ಬಿಟ್ಟ ಹುಲ್ಲಿನಿಂದಲೇ.

ಟ್ರಾಕ್ಟರ್, ಟಿಲ್ಲರ್ ಬಂದ ಮೇಲೆ ಎತ್ತಿನ ಕೆಲಸ ಕಡಿಮೆಯಾಗಿದೆ, ಅದು ಸತ್ಯ. ಹಾಗಿದ್ದರೂ ಬೀರೂರಿನಲ್ಲಿ ಅಮೃತ ಮಹಲ್ ಹೋರಿಗರುಗಳ ಹರಾಜು ನಡೆದಾಗ ದೂರದ ಜಿಲ್ಲೆಗಳಿಂದ ರೈತರು ಬರುತ್ತಾರೆ, ಒಳ್ಳೆಯ ಜೋಡಿಗೆ ಲಕ್ಷ ರೂಪಾಯಿ ಮೀರಿ ಕೂಗುತ್ತಾರೆ. ಹಗ್ಗವನ್ನೇ ಕಾಣದ ಕರುವನ್ನು ಕೊಂಡು, ಹಿಡಿದು, ಲಾರಿಗೆ ಹತ್ತಿಸುವುದೇ ಅಲ್ಲೊಂದು ಸಾಹಸ.

ಈ ಚರಿತ್ರೆ ನಮ್ಮ ಸಂಘಕ್ಕೆ ಸಂಬಂಧಿಸುವ ಜಾಗ ಒಂದಿದೆ. ನಮ್ಮ ಸದಸ್ಯರ ಕೊಟ್ಟಿಗೆಯಲ್ಲಿರುವುದು ಸೀಮೆ ಹಸು, ಕಾವಲಿನದಲ್ಲ. ಆದರೂ ಗಬ್ಬದ ಕೊನೆಯ ಮೂರು ತಿಂಗಳ ಲೆಕ್ಕ ಅದಕ್ಕೂ ಒಂದೇ. ಹಾಲು ಬತ್ತಿತು ಅಂತ ಆ ಹೊತ್ತಿನಲ್ಲೇ ಹಿಂಡಿ ನಿಲ್ಲಿಸುವವರು ನಮ್ಮಲ್ಲಿ ಬಹಳ ಜನ. ಬೇಸಿಗೆಯಲ್ಲಿ ಒಣಹುಲ್ಲು ಕೊಳ್ಳಲಾರದ ಬಡ ಸದಸ್ಯರ ಹಸು ಇವತ್ತಿಗೂ ಮೇಯುವುದು ನಮ್ಮೂರ ಕೆರೆಯಂಗಳದಲ್ಲಿ. ಆ ಅಂಗಳಕ್ಕೆ ಎರಡು ಕಡೆಯಿಂದ ಒತ್ತುವರಿ ಬಂದಿದೆ, ಮೂರನೆಯ ಕಡೆ ಮಣ್ಣು ತೆಗೆದು ಆಳುದ್ದ ಹೊಂಡ ಮಾಡಿದ್ದಾರೆ. ಕೆರೆಯಂಗಳವನ್ನು ಅಳೆಸಿ, ಹದ್ದುಬಸ್ತು ಮಾಡಿಸಿ, ಮಾಘದಿಂದ ಮಳೆ ಬೀಳುವ ತನಕ ದನದ ಮೇವಿಗೇ ಬಿಡಬೇಕೆಂದು ಗ್ರಾಮ ಪಂಚಾಯಿತಿಗೂ ತಹಸೀಲ್ದಾರರಿಗೂ ಅರ್ಜಿ ಕೊಡುವ ವಿಷಯವನ್ನು ಈ ಸಾಲಿನ ಮಹಾಸಭೆಯಲ್ಲಿ ಮಂಡಿಸಲಿದ್ದೇವೆ. ಅರ್ಜಿಯ ಜೊತೆ ಹಳೆಯ ಗ್ರಾಮ ನಕ್ಷೆಯ ಪ್ರತಿ ಲಗತ್ತಿಸಬೇಕು. ಯಾರ ಮನೆಯಲ್ಲಾದರೂ ಅಜ್ಜನ ಕಾಲದ ನಕ್ಷೆ, ಕಂದಾಯದ ರಸೀದಿ, ಕಾವಲಿನ ಕೆಲಸಕ್ಕೆ ಸಂಬಂಧಿಸಿದ ಕಾಗದಪತ್ರ ಇದ್ದರೆ ಮಹಾಸಭೆಗೆ ಮುಂಚೆ ಸಂಘದ ಕಛೇರಿಗೆ ತಂದು ತೋರಿಸಬೇಕಾಗಿ ಕೋರುತ್ತೇವೆ.